ಕೊಡಲಿ ಬರೆದ ದಾಖಲೆ

2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚ್ ಹೊತ್ತಿ ಉರಿದದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಅಂದು ಬೂದಿಯಾದದ್ದು ಮಧ್ಯಯುಗದ ಬಡಗಿಗಳು ಓಕ್ ಮರದಲ್ಲಿ ಕಟ್ಟಿದ್ದ ಛಾವಣಿ. ಅಲ್ಲಿ ಎಷ್ಟು ತೊಲೆಗಳಿದ್ದವೆಂದರೆ ಜನ ಅದನ್ನು ‘ಕಾಡು’ ಅಂತಲೇ ಕರೆಯುತ್ತಿದ್ದರು!

ಆ ಬಡಗಿಗಳ ಕೆಲಸಕ್ಕೆ ದಾಖಲೆಯೆಂದರೆ ತೊಲೆಗಳ ಮೇಲಿದ್ದ ಕೊಡಲಿ ಏಟಿನ ಗುರುತುಗಳೇ. ಪುಣ್ಯಕ್ಕೆ, ರೆಮಿ ಫ್ರೋಮೊಂ ಮತ್ತು ಸೆಡ್ರಿಕ್ ಟ್ರೆಂಟೆಸೋ ಎಂಬ ಇಬ್ಬರು ವಾಸ್ತುಶಿಲ್ಪಿಗಳು 2014ರಲ್ಲೇ ಅದನ್ನೆಲ್ಲ ಅಳೆದು ನಕ್ಷೆ ಬರೆದಿಟ್ಟಿದ್ದರು.

ಮೊದಲಿನಂತೆಯೇ ಕಟ್ಟುವುದೆಂದು 2020ರ ಜುಲೈನಲ್ಲಿ ತೀರ್ಮಾನವಾಯಿತು. ಆದರೆ ಈ ಕಾಲದಲ್ಲಿ ಅದು ಕೈಯಲ್ಲಿ ಆಗುವ ಕೆಲಸವೇ? ಸೆಪ್ಟೆಂಬರಿನಲ್ಲಿ ಬಡಗಿಗಳ ತಂಡವೊಂದು ಕೈಯಲ್ಲೇ ಕೆತ್ತಿದ ಛಾವಣಿಯ ಚೌಕಟ್ಟೊಂದನ್ನು ಚರ್ಚಿನ ಮುಂದೆಯೇ ಎತ್ತಿ ನಿಲ್ಲಿಸಿ ತೋರಿಸಿತು.

ಗರಗಸ ಯಾಕೆ ಬೇಡ ಅಂತೀರಾ? ಗರಗಸ ನೇರ ಗೆರೆಯಲ್ಲಿ ಹೋಗುತ್ತಾ ಮರದ ನಾರನ್ನು ಅಡ್ಡ ಕತ್ತರಿಸಿಬಿಡುತ್ತದೆ. ಹಸಿ ಮರವನ್ನು ಕೊಡಲಿಯಲ್ಲಿ ಕೆತ್ತಿದರೆ, ಮರ ಡೊಂಕಾಗಿದ್ದರೂ ನಾರಿನ ಜಾಡು ಹಿಡಿದೇ ಹೋಗಬಹುದು. ನಾರು ತುಂಡಾಗದ ತೊಲೆಗೆ ಬಲ ಹೆಚ್ಚು.

2024ರ ಡಿಸೆಂಬರಿನಲ್ಲಿ ಚರ್ಚ್ ಮತ್ತೆ ತೆರೆಯಿತು. ಯಾರೋ ಬರೆದುಹೋದ ಹಳೇ ಕೋಡ್ ಓದುತ್ತಾ ತಲೆ ಕೆರೆದುಕೊಳ್ಳುವ ನನಗೆ ಅನಿಸಿದ್ದಿಷ್ಟು: ಬ್ಯಾಕಪ್ ಇದ್ದರೆ ಸಾಲದು, ಅದನ್ನು ಓದಬಲ್ಲ ಕೈಗಳೂ ಉಳಿದಿರಬೇಕು. ಏನಂತೀರಿ?