ಉಣುಗಿನ ತುರಿಕೆಯೂ 1957ನೇ ಇಸವಿಯೂ

ಮೊನ್ನೆ ಸೊಪ್ಪಿನಬೆಟ್ಟಕ್ಕೆ ದರಗು ಗುಡಿಸೋಕೆ ಹೋಗಿ ಬಂದ ನಮ್ಮ ಓರಗಿತ್ತಿ ರಾತ್ರಿಯಿಡೀ ಕಾಲು ಕೆರ್ಕೊಂಡು ಕೂತಿದ್ಲು. "ಎಂತ ಹಚ್ಚೋದು ಅಕ್ಕಾ, ತಡೆಯೋಕಾಗ್ತಿಲ್ಲ" ಅಂದ್ಲು. ದೀಪ ಹಿಡಿದು ನೋಡಿದ್ರೆ ಮಂಡಿಯ ಹಿಂದೆ ಸಾಸಿವೆ ಕಾಳಿಗಿಂತ ಸಣ್ಣ ಉಣುಗು, ಚರ್ಮ ಕಚ್ಚಿ ಹಿಡಿದಿತ್ತು. ನನಗೆ ಅಜ್ಜಿ ನೆನಪಾದ್ರು.

ಅಜ್ಜಿ ಕಾಲದಲ್ಲಿ ಏನು ಕಚ್ಚಿದ್ರೂ ಮದ್ದು ಮನೆಯೊಳಗೇ. ಸೊಳ್ಳೆ, ನೊರಜಿಗೆ ತುಳಸಿ ರಸ. ಕಣಜ ಹೊಡೆದ್ರೆ ಕವಳದ ತಟ್ಟೆಯ ಸುಣ್ಣ. ಉಣುಗಿಗೆ ಚಿಮಣಿ ಎಣ್ಣೆ. ಉಳಿದಿದ್ದಕ್ಕೆಲ್ಲ ಕೊಬ್ಬರಿ ಎಣ್ಣೆ, ಅರಿಶಿನ. ಸುಣ್ಣ ಚರ್ಮ ಸುಡುತ್ತೆ ಅಂತ ಯಾರೂ ಹೇಳಿರಲಿಲ್ಲ.

ಕಚ್ಚಿದ ಜಾಗ ತುರಿಸೋದು ಯಾಕೆ ಗೊತ್ತಾ? ರಕ್ತ ಹೀರುವಾಗ ಹುಳದ ಜೊಲ್ಲು ನಮ್ಮ ಮೈಯೊಳಗೆ ಸೇರುತ್ತೆ. ಅದಕ್ಕೆ ಸಿಟ್ಟಾದ ಮೈ ಹಿಸ್ಟಮಿನ್ ಅನ್ನೋ ವಸ್ತು ಬಿಡುತ್ತೆ. ಜಾಗ ಕೆಂಪಾಗಿ ಉಬ್ಬೋದು, ತುರಿಸೋದು ಅದರಿಂದ. ಈ ಹಿಸ್ಟಮಿನ್ ಏನೇನು ಮಾಡುತ್ತೆ ಅಂತ 1910ರಲ್ಲಿ ಹೆನ್ರಿ ಡೇಲ್ ಮತ್ತು ಅವರ ಜೊತೆಯವರು ಲಂಡನ್ನಿನಲ್ಲಿ ತೋರಿಸಿಕೊಟ್ರು. 1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್ ಮಾರಿ ಸ್ಟೌಬ್ ಅದನ್ನ ತಡೆಯೋ ಮೊದಲ ಔಷಧಿ ಕಂಡುಹಿಡಿದ್ರು. ಅದನ್ನ ಮನುಷ್ಯರಿಗೆ ಕೊಡೋ ಹಾಗಿರಲಿಲ್ಲ, ವಿಷ ಜಾಸ್ತಿ. ಕೊಡಬಹುದಾದ್ದು 1940ರ ದಶಕದಲ್ಲಿ ಬಂತು. ಈಗ ನಾವು ನುಂಗೋ ಸೆಟ್ರಿಜಿನ್ ಅದೇ ಸಂತತಿ. ಬೋವೆಗೆ ನೊಬೆಲ್ ಬಂದಿದ್ದು 1957ರಲ್ಲಿ.

ಅದೇ 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ವು. ಹಿಂದೆಯೇ ಸುತ್ತಲ ಊರಿನವರಿಗೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಸಿಕ್ಕಿದ್ದು ಹೊಸ ವೈರಸ್ಸು. ಅದನ್ನ ಹರಡೋದು ಉಣುಗು. ಅದಕ್ಕೇ ಮಂಗನ ಕಾಯಿಲೆ ಅನ್ನೋ ಹೆಸರು.

ನಮ್ಮ ಚಿಕ್ಕಜ್ಜಿ ಹೋಗಿದ್ದು ಅದಾಗಿ ಕೆಲವು ವರ್ಷಕ್ಕೆ. ದರಗು ತರೋಕೆ ಹೋಗಿದ್ರು, ಮೈತುಂಬ ಉಣುಗು. ತುರಿಕೆಗೆ ಎಣ್ಣೆ ಹಚ್ಚಿದ್ರು, ವಾರದೊಳಗೆ ಬಂದ ಜ್ವರಕ್ಕೆ ಕಷಾಯ ಕುಡಿಸಿದ್ರು. ಆಸ್ಪತ್ರೆಗೆ ಗಾಡಿ ಕಟ್ಟೋ ಹೊತ್ತಿಗೆ ಮೂಗಿನಲ್ಲಿ ರಕ್ತ. ಅದೇ ಕಾಯಿಲೆ ಅಂತ ಯಾರೂ ಪರೀಕ್ಷೆ ಮಾಡಲಿಲ್ಲ. ಆದ್ರೆ ಅಜ್ಜಿ ಸಾಯೋವರೆಗೂ "ತುರಿಕೆ ನೋಡಿದೆ, ಜ್ವರ ನೋಡಲಿಲ್ಲ" ಅಂತಿದ್ರು.

ಅದಕ್ಕೇ ಇಷ್ಟು ಬರೆದೆ. ಬರೀ ಸೊಳ್ಳೆ, ಇರುವೆ ಕಡಿದಿದ್ದಾದ್ರೆ ಸೋಪು ಹಾಕಿ ತೊಳೀರಿ, ತಣ್ಣೀರ ಬಟ್ಟೆ ಇಡಿ, ಕ್ಯಾಲಮೈನ್ ಲೋಷನ್ ಹಚ್ಚಿ. ಉಗುರು ಹಾಕಿ ಕೆರೆದ್ರೆ ಗಾಯ ಆಗಿ ಕೀವು ತುಂಬುತ್ತೆ. ಉಣುಗಾದ್ರೆ ಚಿಮಣಿ ಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ, ಉಗುರಲ್ಲಿ ಹಿಸುಕೋದೂ ಬೇಡ. ಸಣ್ಣ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆದು, ಸೋಪಿನಲ್ಲಿ ತೊಳೀರಿ. ಬೆಟ್ಟಕ್ಕೆ ಹೋಗೋ ಮುಂಚೆ ಆರೋಗ್ಯ ಇಲಾಖೆಯವರು ಕೊಡೋ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದಮೇಲೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೀರಿ. ಚಳಿಗಾಲದಿಂದ ಮಳೆ ಹಿಡಿಯೋವರೆಗೆ ಜಾಸ್ತಿ ಜೋಪಾನ. ಆಮೇಲೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ನೋವಿನ ಮಾತ್ರೆ ನೀವೇ ನುಂಗಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಬೆಟ್ಟಕ್ಕೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳಿ.

ಓರಗಿತ್ತಿ ಉಣುಗು ತೆಗೆದಾಯ್ತು. ಅವತ್ತಿನ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೀನಿ. ಹತ್ತು ದಿನ ಕಳೆದ್ವು, ಜ್ವರ ಇಲ್ಲ. ಈಗ ನಿದ್ದೆ ಬರ್ತಿದೆ, ಅವಳಿಗೂ ನನಗೂ.