ರೆಕ್ಕೆಗಂಟಿದ ಗಾಳಿಯ ಕಥೆ

ಕರಾವಳಿಯ ಬಜ್ಪೆಯ ಗುಡ್ಡದ ಮೇಲೆ 1951ರಲ್ಲಿ ಡಗ್ಲಾಸ್ ಡಿಸಿ-3 ವಿಮಾನ ಇಳಿಯಿತು. ಅದರಲ್ಲಿ ಪ್ರಧಾನಿ ನೆಹರೂ ಇದ್ದರು. ಅಂದಿನ ಓಡುದಾರಿ ಸುಮಾರು 1,600 ಮೀಟರ್ ಮಾತ್ರ. ಇಂಥಲ್ಲಿ ವೇಗ ತಗ್ಗಿಸಿಯೂ ಬೀಳದೆ ಇಳಿಯಬೇಕು. ಅದಕ್ಕೇ ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳನ್ನು ಕೆಳಗೆ ಬಾಗಿಸುತ್ತಾರೆ. ಎತ್ತುವ ಬಲ ಹೆಚ್ಚುತ್ತದೆ.

ಗಾಳಿಯನ್ನು ಹೀಗೆ ಪಳಗಿಸುವ ವಿದ್ಯೆಯ ಬೇರು 1904ರಲ್ಲಿದೆ. ಹರಿವ ಗಾಳಿಯಲ್ಲಿ ಮೈಗೆ ಅಂಟಿದಂತಿರುವ ತೆಳುವಾದ ಪದರವೊಂದಿದೆ, ಅದು ಮೈಬಿಟ್ಟು ಕಳಚಿದರೆ ಎತ್ತುವ ಬಲ ಕುಸಿಯುತ್ತದೆ ಎಂಬ ಅರಿವಿಗೆ ಜರ್ಮನಿಯ ವಿಜ್ಞಾನಿ ಪ್ರಾಂಟ್ಲ್ ಆ ವರ್ಷ ದಾರಿ ತೆರೆದರು. ಆ ಪದರವನ್ನು ಸೀಳುಗಂಡಿಯಿಂದ ಹೀರಿ ಕಳಚದಂತೆ ತಡೆಯಬಹುದೆಂದೂ ತೋರಿಸಿದರು.

ಅದೇ ಪದರದ ಗುಟ್ಟನ್ನು ಬೆಂಗಳೂರು ಬೆನ್ನಟ್ಟಿತು. 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಸತೀಶ್ ಧವನ್ ಅಲ್ಲಿ ಗಾಳಿ ಸುರಂಗಗಳನ್ನು ಕಟ್ಟಿದರು. ಅವರ ಶಿಷ್ಯ ರೊದ್ದಂ ನರಸಿಂಹ, ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗ. ನಯವಾದ ಹರಿವು ಕದಡುವಾಗ ಕದಡಿನ ಚುಕ್ಕೆಗಳು ಎಲ್ಲೆಂದರಲ್ಲಿ ಅಲ್ಲ, ಒಂದು ಕಿರಿದಾದ ಪಟ್ಟಿಯಲ್ಲೇ ಹುಟ್ಟುತ್ತವೆಂದು 1957ರಲ್ಲಿ ನರಸಿಂಹ ವಾದಿಸಿದರು. ರೆಕ್ಕೆಯ ಮೇಲಿನ ಎಳೆತ ಅಳೆಯುವವರಿಗೆ ಇದು ದೊಡ್ಡ ಹಿಡಿಕೆ. ಕನ್ನಡದ ಮನೆಯೊಂದರ ಹುಡುಗ ಇಪ್ಪತ್ತರ ಹರೆಯದಲ್ಲೇ ಕಂಡುಕೊಂಡದ್ದಿದು. ನಮ್ಮ ಪಠ್ಯಗಳಲ್ಲಿ ಇದಕ್ಕೆ ಜಾಗ ಸಿಗಲೇಬೇಕು.

1967ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1.2 ಮೀಟರಿನ ಗಾಳಿ ಸುರಂಗ ಚಾಲೂ ಆಯಿತು. 2001ರ ಜನವರಿ 4ರಂದು ಅದೇ ನಗರದ ಬಾನಿಗೇರಿದ ತೇಜಸ್ ಯುದ್ಧವಿಮಾನದ ರೆಕ್ಕೆಯ ಮುಂದಿನ ಅಂಚಿನಲ್ಲಿ, ಗಾಳಿಯ ಆ ಪದರ ಬೇಗ ಕಳಚದಂತೆ ತಡೆಯಲು, ಸರಿದಾಡುವ ಸ್ಲ್ಯಾಟ್‌ಗಳಿದ್ದವು.