ಕಟ್ಟೆ ಎಷ್ಟಡಿ ಆಯ್ತು? ಒಂದು ಗ್ರಾಫ್‌ನ ಹಿಂದಿನ ಚರಿತ್ರೆ

(ಸಂಚಿಕೆಯ ಬರಹ ರೂಪ)

ಜೂನ್ ಬಂತು ಅಂದ್ರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಟೀ ಅಂಗಡಿಯಿಂದ ವಾಟ್ಸಾಪ್ ಗ್ರೂಪ್‌ವರೆಗೂ ಒಂದೇ ಪ್ರಶ್ನೆ: "ಕಟ್ಟೆ ಎಷ್ಟಡಿ ಆಯ್ತು?" ಕಟ್ಟೆ ಅಂದ್ರೆ ಕನ್ನಂಬಾಡಿ ಕಟ್ಟೆ, ನಮ್ಮ ಕೆಆರ್‌ಎಸ್. ಮೊದಲೆಲ್ಲ ಉತ್ತರ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲಾಗಿ ಇರ್ತಿತ್ತು: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಈಗ ಅದೇ ಅಂಕಿ ಗ್ರಾಫ್ ಆಗಿ ಮೊಬೈಲಿಗೆ ಬರುತ್ತೆ.

ಆ ಗ್ರಾಫಲ್ಲಿ ಗೆರೆ ಯಾವ ಬಣ್ಣ, ಅಳತೆ ಎಲ್ಲಿಂದ ಶುರು, ಊರಿನ ಹೆಸರು ಯಾವ ಅಕ್ಷರದಲ್ಲಿ ಅಂತ ಯಾರೋ ತೀರ್ಮಾನ ಮಾಡಿರ್ತಾರೆ. ಗ್ರಾಫ್ ಮಾಡಿದವರು ಮಾಡದಿದ್ರೆ ಸಾಫ್ಟ್‌ವೇರೇ ಮಾಡುತ್ತೆ. ಅದಕ್ಕೆ ಡಿಫಾಲ್ಟ್ ಅಂತೀವಿ. ಡಿಫಾಲ್ಟ್ ಅಂದ್ರೆ ಮಂಡ್ಯವನ್ನ ನೋಡೇ ಇರದ ಯಾರೋ ಒಬ್ಬರು, ಬೇರೆ ಯಾವುದೋ ಕೆಲಸಕ್ಕೆ ಮಾಡಿದ ಆಯ್ಕೆ. ಇವತ್ತು ಆ ಆಯ್ಕೆಗಳ ಕತೆ.

ಮೊದಲ ಗ್ರಾಫ್ ಬಂದದ್ದು ಲೆಕ್ಕಪತ್ರದಿಂದ

ಕಾಮರ್ಸ್ ಓದಿದವರಿಗೆ ಖುಷಿಯಾಗೋ ವಿಷಯ ಇದು. ಕಾಲಕ್ಕೆ ತಕ್ಕಂತೆ ಅಂಕಿ ಏರಿಳಿಯೋದನ್ನ ಗೆರೆಯಾಗಿ ತೋರಿಸೋ ಪದ್ಧತಿ ಜನಪ್ರಿಯ ಆಗಿದ್ದು ವ್ಯಾಪಾರದ ಲೆಕ್ಕದಿಂದ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಇಂಗ್ಲೆಂಡಿನ ಆಮದು ರಫ್ತಿನ ಅಂಕಿಗಳನ್ನ ಗೆರೆಗಳಾಗಿ ಬರೆದು ಒಂದು ಪುಸ್ತಕ ತಂದ. ಅದರಲ್ಲೇ ಒಂದು ಬಾರ್ ಚಾರ್ಟೂ ಇತ್ತು. ಸ್ಕಾಟ್ಲೆಂಡಿನ ವ್ಯಾಪಾರದ ಅಂಕಿ ಅವನಿಗೆ ಒಂದೇ ವರ್ಷದ್ದು ಸಿಕ್ಕಿತ್ತು, ಗೆರೆ ಎಳೆಯೋಕೆ ಆಗಲಿಲ್ಲ, ಪಟ್ಟಿ ಬರೆದ. 1801ರಲ್ಲಿ ಪೈ ಚಾರ್ಟೂ ತಂದ. ಆಗ ಚಿತ್ರ ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚಾಗ್ತಿತ್ತು, ಬಣ್ಣ ಕೈಯಲ್ಲೇ ತುಂಬ್ತಿದ್ರು. ಅಂದ್ರೆ ಪ್ರತಿ ಬಣ್ಣವೂ ಒಬ್ಬ ಮನುಷ್ಯ ಯೋಚಿಸಿ ಹಾಕಿದ್ದು. ಡಿಫಾಲ್ಟ್ ಅನ್ನೋದೇ ಇರಲಿಲ್ಲ.

ಕೈಯಿಂದ ಕೋಡಿಗೆ

ಈಗ 2000ದ ದಶಕಕ್ಕೆ ಬರೋಣ. ಅಮೆರಿಕದ ಷಿಕಾಗೋದಲ್ಲಿ ಜಾನ್ ಹಂಟರ್ ಅನ್ನೋ ನರವಿಜ್ಞಾನಿ ಇದ್ದರು. ಮೂರ್ಛೆ ರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನ ಗೆರೆಗಳಾಗಿ ನೋಡಬೇಕಿತ್ತು. ಅವರು ಬಳಸ್ತಿದ್ದದ್ದು ದುಡ್ಡು ಕೊಟ್ಟು ತಗೋಬೇಕಾದ ಮ್ಯಾಟ್‌ಲ್ಯಾಬ್. ಅದು ಸಾಲದಾದಾಗ ಪೈಥಾನ್ ಭಾಷೆಯಲ್ಲಿ ತಾವೇ ಒಂದು ಲೈಬ್ರರಿ ಬರೆದರು. 2003ರಲ್ಲಿ ಹೊರಬಂದ ಅದೇ ಮ್ಯಾಟ್‌ಪ್ಲಾಟ್‌ಲಿಬ್. ಪೂರ್ತಿ ಉಚಿತ. 2008ರಲ್ಲಿ ನಾಸಾದ ಫೀನಿಕ್ಸ್ ನೌಕೆ ಮಂಗಳನ ಮೇಲೆ ಇಳಿಯುವಾಗಲೂ ಇದು ಬಳಕೆಯಲ್ಲಿತ್ತು. ಹಂಟರ್ 2012ರ ಆಗಸ್ಟ್‌ನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ತೊಡಕುಗಳಿಂದ ತೀರಿಕೊಂಡರು. ಇವತ್ತು ಡೇಟಾ ಸೈನ್ಸ್ ಕಲಿಯೋ ಹುಡುಗ ಹುಡುಗಿಯರು ಮೊದಲು ಬರೆಯೋ ಗ್ರಾಫ್ ಸಾಮಾನ್ಯವಾಗಿ ಇದರಲ್ಲೇ.

ಮ್ಯಾಟ್‌ಲ್ಯಾಬ್ ಮಾದರಿಯಲ್ಲಿ ಹುಟ್ಟಿದ್ದರಿಂದ ಅದರ ಡಿಫಾಲ್ಟುಗಳೂ ಜೊತೆಗೇ ಬಂದವು. ಅದರಲ್ಲಿ ಒಂದು 'ಜೆಟ್': ಕಾಮನಬಿಲ್ಲಿನ ಬಣ್ಣಗಳ ಸಾಲು. ನೋಡೋಕೆ ಚೆಂದ. ಆದ್ರೆ ನಡುವೆ ಹಳದಿ ತುಂಬಾ ಬೆಳಗೋದ್ರಿಂದ, ಅಂಕಿ ನಿಧಾನಕ್ಕೆ ಏರುವ ಜಾಗದಲ್ಲೂ ಏನೋ ದೊಡ್ಡ ಬದಲಾವಣೆ ಆದ ಹಾಗೆ ಕಾಣುತ್ತೆ. ಕಪ್ಪುಬಿಳುಪು ಜೆರಾಕ್ಸ್ ತೆಗೆದ್ರೆ ಯಾವುದು ಹೆಚ್ಚು ಯಾವುದು ಕಡಿಮೆ ಗೊತ್ತೇ ಆಗಲ್ಲ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರಿಗಂತೂ ಇನ್ನೂ ಕಷ್ಟ. ಮ್ಯಾಟ್‌ಲ್ಯಾಬ್ 2014ರಲ್ಲಿ ಜೆಟ್ ಕೈಬಿಟ್ಟಿತು. ಮ್ಯಾಟ್‌ಪ್ಲಾಟ್‌ಲಿಬ್‌ಗಾಗಿ ನಥಾನಿಯಲ್ ಸ್ಮಿತ್ ಮತ್ತು ಸ್ಟೆಫಾನ್ ವಾನ್ ಡರ್ ವಾಲ್ಟ್ 'ವಿರಿಡಿಸ್' ರೂಪಿಸಿದರು. ಕಡು ನೇರಳೆಯಿಂದ ಹಸಿರು ದಾಟಿ ಹಳದಿಗೆ ಹೋಗುತ್ತೆ, ಒಂದೇ ಸಮನೆ ಬೆಳಕಾಗ್ತಾ. 2017ರ 2.0 ಆವೃತ್ತಿಯಲ್ಲಿ ಅದೇ ಡಿಫಾಲ್ಟ್ ಆಯ್ತು. ಡಿಫಾಲ್ಟ್ ಕೂಡ ತಪ್ಪಿರಬಹುದು, ಅದನ್ನ ಬದಲಾಯಿಸಬಹುದು ಅನ್ನೋದಕ್ಕೆ ಇದೇ ಸಾಕ್ಷಿ.

ಈಗ ಕಟ್ಟೆಗೆ ಬರೋಣ

1911ರಲ್ಲಿ ಕೆಲಸ ಶುರುವಾಗಿ 1930ರ ದಶಕದ ಆರಂಭದಲ್ಲಿ ಕಟ್ಟೆ ಮುಗೀತು. ಇರ್ವಿನ್ ನಾಲೆ, ಅಂದ್ರೆ ಇವತ್ತಿನ ವಿ.ಸಿ. ನಾಲೆ, ನೀರು ತಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆ ಆಯ್ತು. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಅಷ್ಟು ತುಂಬಿದ್ರೆ 49.45 ಟಿಎಂಸಿ ನೀರು.

2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲಿಲ್ಲ. 2024ರ ಜುಲೈನಲ್ಲಿ ತುಂಬಿತು. 2025ರಲ್ಲಂತೂ ಜೂನ್ ಮುಗಿಯೋ ಮೊದಲೇ ತುಂಬಿತು. ಈ ಮೂರು ವರ್ಷಕ್ಕೆ ಮೂರು ಗೆರೆ ಎಳೀರಿ, ಬಣ್ಣ ಹೇಳದೇ ಬಿಡಿ. ಮ್ಯಾಟ್‌ಪ್ಲಾಟ್‌ಲಿಬ್ ತನ್ನ ಸಾಲಿನ ಪ್ರಕಾರ ನೀಲಿ, ಕಿತ್ತಳೆ, ಹಸಿರು ಹಾಕುತ್ತೆ. ಅಂದ್ರೆ ಬರಗಾಲದ 2023 ನೀರಿನ ಬಣ್ಣದಲ್ಲಿ! ಅದಕ್ಕೆ ಬರದ ವರ್ಷವನ್ನ ಕಡು ಕಂದು ಬಣ್ಣದ ದಪ್ಪ ಗೆರೆ ಮಾಡಿ, ಉಳಿದೆರಡನ್ನ ಬೂದು ಬಣ್ಣಕ್ಕೆ ಇಳಿಸಿ, 124.80ರ ಹತ್ತಿರ ಒಂದು ಅಡ್ಡಗೆರೆ ಎಳೀರಿ. ಕಣ್ಣು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗುತ್ತೆ.

ಇದಕ್ಕಿಂತ ದೊಡ್ಡ ವಿಷಯ ಅಳತೆಯದ್ದು. ಲೈನ್ ಗ್ರಾಫ್‌ನಲ್ಲಿ ಸಾಫ್ಟ್‌ವೇರ್ ನಿಮ್ಮ ಅಂಕಿಗಳ ಕನಿಷ್ಠ ಗರಿಷ್ಠ ನೋಡಿ ಅಷ್ಟಕ್ಕೇ ಚೌಕಟ್ಟು ಹಾಕುತ್ತೆ. 112 ಅಡಿಯಿಂದ 110ಕ್ಕೆ ಇಳಿದ ವಾರದ ಗ್ರಾಫ್ ತೆಗೆದ್ರೆ, ಗೆರೆ ಮೇಲಿನಿಂದ ಪಾತಾಳಕ್ಕೆ ಬಿದ್ದಂಗೆ ಕಾಣುತ್ತೆ. ಸರಿ, ಸೊನ್ನೆಯಿಂದ ಶುರು ಮಾಡಿದ್ರೆ ಆಯ್ತಲ್ಲ ಅಂತೀರಾ? ಅಡಿ ಲೆಕ್ಕದಲ್ಲಿ ಅದೂ ಮೋಸವೇ. ಜಲಾಶಯ ಮನೆ ಮೇಲಿನ ಟ್ಯಾಂಕ್ ತರ ನೆಟ್ಟಗಿಲ್ಲ, ಬೋಗುಣಿ ತರ ಮೇಲೆ ಹೋದಷ್ಟೂ ಅಗಲ. 100 ಅಡಿ ಅಂದ್ರೆ ಎತ್ತರದಲ್ಲಿ ಶೇ. 80. ನೀರಿನಲ್ಲಿ? ಅರ್ಧಕ್ಕಿಂತ ಕಮ್ಮಿ. ಅಡಿಯ ಗ್ರಾಫ್ ನೋಡಿದವರು "ಇನ್ನೂ ಮುಕ್ಕಾಲು ಪಾಲು ಇದೆ" ಅಂತಾರೆ. ಟಿಎಂಸಿ ಗ್ರಾಫನ್ನ ಸೊನ್ನೆಯಿಂದ ಶುರು ಮಾಡಿ ತೋರಿಸಿದ್ರೆ ನಿಜ ಕಾಣುತ್ತೆ.

ಇದು ಬರೀ ಚೆಂದದ ಪ್ರಶ್ನೆ ಅಲ್ಲ. 2023ರ ಸೆಪ್ಟೆಂಬರ್ ನೆನಪಿದೆಯಲ್ಲ? ತಮಿಳುನಾಡಿಗೆ ದಿನಕ್ಕೆ 5,000 ಕ್ಯುಸೆಕ್ ಬಿಡಿ ಅಂತ ಆದೇಶ, ಮಂಡ್ಯದಲ್ಲಿ ಹೋರಾಟ, ಬಂದ್. 5,000 ಕ್ಯುಸೆಕ್ ಅಂದ್ರೆ ದಿನಕ್ಕೆ ಸುಮಾರು 0.43 ಟಿಎಂಸಿ, 15 ದಿನಕ್ಕೆ ಹತ್ತಿರತ್ತಿರ 6.5 ಟಿಎಂಸಿ. ಕ್ಯುಸೆಕ್, ಅಡಿ, ಟಿಎಂಸಿ ಮೂರನ್ನೂ ಬೇರೆ ಬೇರೆ ಗ್ರಾಫಲ್ಲಿ ಬಿಟ್ರೆ ಈ ಲೆಕ್ಕ ಯಾರಿಗೂ ಕಾಣಲ್ಲ. ವಿ.ಸಿ. ನಾಲೆಯ ಕೊನೇ ಭಾಗದಲ್ಲಿರೋ ಮದ್ದೂರು, ಮಳವಳ್ಳಿ ರೈತರಿಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ತಮ್ಮ ಗದ್ದೆಗೆ ಮುಟ್ಟುತ್ತೋ ಇಲ್ವೋ ಅನ್ನೋದೇ ಚಿಂತೆ. ಭತ್ತಕ್ಕೆ ಒಟ್ಲು ಹಾಕೋದಾ, ರಾಗಿಗೆ ಹೋಗೋದಾ ಅಂತ ಅವರು ಇದೇ ಅಂಕಿ ನೋಡಿ ಯೋಚಿಸ್ತಾರೆ. ಗ್ರಾಫ್ ಮಾಡಿದವರ ಸೋಮಾರಿತನಕ್ಕೆ ಬೆಲೆ ಕೊಡೋರು ಅವರು.

ಕೊನೇ ಮಾತು: ಅಕ್ಷರ

ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರೋ ಡೇಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡ ಇಲ್ಲ. ಕನ್ನಡದಲ್ಲಿ ಶೀರ್ಷಿಕೆ ಕೊಟ್ರೆ ಬರೀ ಖಾಲಿ ಚೌಕಗಳು. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದ್ರೆ ಅಕ್ಷರ ಬರುತ್ತೆ, ಆದ್ರೆ ಬಹುಕಾಲ ಒತ್ತಕ್ಷರ ಸರಿಯಾಗಿ ಕೂರ್ತಿರಲಿಲ್ಲ. ಇಂಗ್ಲಿಷ್ ಅಕ್ಷರ ಒಂದರ ಪಕ್ಕ ಒಂದು ಇಟ್ರೆ ಸಾಕು, ನಮ್ಮ ಅಕ್ಷರ ಒಂದರ ಕೆಳಗೆ ಒಂದು ಕೂರಬೇಕು. ನಮ್ಮ ಅದೃಷ್ಟ ನೋಡಿ, ಮೂರು ಊರಿಗೂ ಒತ್ತು ಇದೆ. ಮಂಡ್ಯ ಹೋಗಿ 'ಮಂಡ್‌ಯ', ಮದ್ದೂರು ಹೋಗಿ 'ಮದ್‌ದೂರು', ಮಳವಳ್ಳಿ ಹೋಗಿ 'ಮಳವಳ್‌ಳಿ'!

ದಾರಿ ಇದೆ. ಎಂಪಿಎಲ್‌ಕೈರೋ ಅನ್ನೋ ಜೋಡಣೆ ಬಳಸಬಹುದು. ಇಲ್ಲಾಂದ್ರೆ ಗ್ರಾಫನ್ನ ಎಸ್‌ವಿಜಿ ಆಗಿ ಉಳಿಸಿ, ಅಕ್ಷರವನ್ನ ಅಕ್ಷರವಾಗೇ ಬಿಡೋ ಸೆಟ್ಟಿಂಗ್ ಹಾಕಿದ್ರೆ ಬ್ರೌಸರ್ ಒತ್ತನ್ನ ಸರಿಯಾಗಿ ಕೂರಿಸುತ್ತೆ. ಈ ಆಯ್ಕೆಗಳನ್ನೆಲ್ಲ ಒಂದು ಸ್ಟೈಲ್ ಫೈಲಿನಲ್ಲಿ ಬರೆದಿಡಬಹುದು. 2014ರಿಂದ ಆ ಸೌಲಭ್ಯ ಇದೆ. ಒಬ್ಬರು ಬರೆದಿಟ್ರೆ ತಾಲ್ಲೂಕಿಗೆಲ್ಲ ಅದೇ ಡಿಫಾಲ್ಟ್ ಆಗಬಹುದು.

ಹಾಗಾಗಿ ಮುಂದಿನ ಸಲ ಕಟ್ಟೆಯ ಗ್ರಾಫ್ ಫಾರ್ವರ್ಡ್ ಬಂದಾಗ ಎರಡು ವಿಷಯ ನೋಡಿ: ಇದು ಅಡಿಯೋ ಟಿಎಂಸಿಯೋ, ಅಳತೆ ಎಲ್ಲಿಂದ ಶುರುವಾಗಿದೆ. ಆಮೇಲೆ ಮುಂದಕ್ಕೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.